ಮುಂಬಯಿಯಲ್ಲಿ ಅರ್ಧ ದಿನ: ಬೋರಿಬಂದರದಿಂದ ಮಾಟುಂಗಾದವರೆಗೆ



ಗಡಿಭಾಗದ ನಮಗೆ ಮುಂಬಯಿ ಹೊಸತಲ್ಲ. ಸೊಲ್ಲಾಪುರದವರು ರಾತ್ರಿ ಸಿದ್ಧೇಶ್ವರ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗ್ಗೆ ಅಲ್ಲಿರುತ್ತಾರೆ. ಆದೋನಿಯವರಿಗೆ ಉದ್ಯಾನ್ ಎಕ್ಸ್‌ಪ್ರೆಸ್ ಇದೆ, ಕಾಸರಗೋಡಿನವರಿಗೆ ಕೊಂಕಣ ರೈಲುದಾರಿ ಇದೆ. ಆದರೆ ನಮ್ಮವರು ಹೋಗುವುದು ಹೆಚ್ಚಾಗಿ ಆಸ್ಪತ್ರೆಗೆ, ಪರೀಕ್ಷೆಗೆ, ಸಂದರ್ಶನಕ್ಕೆ. ನಿಲ್ದಾಣ, ಟ್ಯಾಕ್ಸಿ, ಕೆಲಸ, ಮತ್ತೆ ನಿಲ್ದಾಣ. ಊರು ಕಂಡದ್ದು ಅಷ್ಟೇ. ಕೈಯಲ್ಲಿ ಅರ್ಧ ದಿನ ಉಳಿದರೆ ನಡೆದು ನೋಡಬಹುದಾದ ಒಂದು ದಾರಿಯನ್ನು ಇಲ್ಲಿ ವಿವರಿಸುತ್ತಿದ್ದೇವೆ.

ದೊಡ್ಡ ಊರನ್ನು ಇಡಿಯಾಗಿ ನೋಡಲು ಹೊರಟರೆ ಸುಸ್ತೇ ಗತಿ. ಎರಡು ಪೇಟೆ ಆರಿಸಿಕೊಂಡು ನಿಧಾನವಾಗಿ ನಡೆಯಿರಿ. ಯಾವ ಬೀದಿಯಲ್ಲಿ ಏನು ತಿನ್ನಲು ಸಿಗುತ್ತದೆ ಎಂಬುದನ್ನು ಗಮನಿಸಿದರೆ, ಆ ಬೀದಿಗೆ ದುಡಿಯಲು ಎಲ್ಲಿಂದ ಯಾರು ಬಂದರು ಎಂಬುದು ತಾನಾಗಿ ತಿಳಿಯುತ್ತದೆ.

ಹಿರಿಯರು ಬೋರಿಬಂದರ ಎನ್ನುತ್ತಿದ್ದ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿನಿಂದ ಹೊರಡೋಣ. ಸ್ಟೀವನ್ಸ್ ಎಂಬ ವಾಸ್ತುಶಿಲ್ಪಿಯ ಈ ಕಟ್ಟಡ 2004ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಅಲ್ಲಿಂದ ಉತ್ತರಕ್ಕೆ ಸುಮಾರು ಹತ್ತು ನಿಮಿಷ ನಡೆದರೆ ಕ್ರಾಫರ್ಡ್ ಮಾರ್ಕೆಟ್. ಈಗಿನ ಅಧಿಕೃತ ಹೆಸರು ಮಹಾತ್ಮಾ ಜ್ಯೋತಿಬಾ ಫುಲೆ ಮಂಡಈ. 1869ರಲ್ಲಿ ಕಟ್ಟಿದ್ದು. ಒಳಗೆ ಹೋಗುವ ಮೊದಲು ಬಾಗಿಲ ಮೇಲಿನ ಉಬ್ಬುಶಿಲ್ಪ ನೋಡಿ. ಹೊಲದಲ್ಲಿ ದುಡಿಯುವ ನಮ್ಮ ರೈತರನ್ನು ಅಲ್ಲಿ ಕೆತ್ತಿದ್ದಾರೆ. ಮಾಡಿದವರು ಲೇಖಕ ರುಡ್ಯಾರ್ಡ್ ಕಿಪ್ಲಿಂಗ್ ಅವರ ತಂದೆ. ಒಳಗೆ ಹಣ್ಣು, ಒಣಹಣ್ಣು, ಮಸಾಲೆ ಸಾಮಾನು. ಎದುರಿಗೆ 1905ರಿಂದ ನಡೆಯುತ್ತಿರುವ ಬಾದಶಾಹ್ ಅಂಗಡಿಯಲ್ಲಿ ಫಾಲೂದಾ ಸಿಗುತ್ತದೆ.

ರಸ್ತೆ ದಾಟಿದರೆ ಶೇಖ್ ಮೆಮನ್ ಬೀದಿ. ಮೊದಲು ಮಂಗಳದಾಸ್ ಜವಳಿ ಮಾರುಕಟ್ಟೆ, ಮುಂದೆ ಜುಮ್ಮಾ ಮಸೀದಿ, ಆಮೇಲೆ ಚಿನ್ನದ ಝವೇರಿ ಬಜಾರ್, ಅದರ ಪಕ್ಕದಲ್ಲೇ ಊರಿಗೆ ಹೆಸರು ಕೊಟ್ಟ ಮುಂಬಾದೇವಿಯ ಗುಡಿ. ಇನ್ನೂ ಮುಂದೆ ಭುಲೇಶ್ವರ. ಇಲ್ಲಿ ಗುಜರಾತಿ ವ್ಯಾಪಾರಿಗಳದೇ ಪ್ರಾಬಲ್ಯ. ಅದಕ್ಕೇ ಬೀದಿಯುದ್ದಕ್ಕೂ ಫರಸಾಣ, ಜಿಲೇಬಿ. 1834ರಲ್ಲಿ ಆರಂಭವಾದ ಪಾಂಜರಾಪೋಳದ ಗೋಶಾಲೆ ಈ ಕಿಕ್ಕಿರಿದ ಗಲ್ಲಿಗಳ ನಡುವೆಯೇ ಇದೆ. ಹಮಾಲರು ಕೈಗಾಡಿ ತಳ್ಳಿಕೊಂಡು ಬರುವಾಗ ಬದಿಗೆ ಸರಿದು ದಾರಿ ಬಿಡಿ. ಭಾನುವಾರ ಜವಳಿ ಪೇಟೆ ಮುಚ್ಚಿರುತ್ತದೆ.

ಈಗ ಊಟಕ್ಕೆ. ಬಂದ ದಾರಿಯಲ್ಲೇ ಬೋರಿಬಂದರಕ್ಕೆ ಹಿಂದಿರುಗಿ, ಮಧ್ಯ ರೈಲ್ವೆಯ ಸ್ಲೋ ಲೋಕಲ್ ಹತ್ತಿ. ಫಾಸ್ಟ್ ಗಾಡಿ ಮಾಟುಂಗಾದಲ್ಲಿ ನಿಲ್ಲುವುದಿಲ್ಲ. ಲೋಕಲ್ ಎಂದರೆ ಹಲವರಿಗೆ ಹೆದರಿಕೆ. ಬೆಳಗಿನ ನೂಕುನುಗ್ಗಲು ಬೋರಿಬಂದರದ ಕಡೆಗೆ ಬರುವ ಗಾಡಿಗಳಲ್ಲಿ; ಅಲ್ಲಿಂದ ಹೊರಡುವ ಗಾಡಿಗಳಲ್ಲಿ ಆ ಹೊತ್ತಿಗೆ ಕೂರಲು ಜಾಗ ಸಿಗುತ್ತದೆ. ಸಂಜೆ ಇದಕ್ಕೆ ತಿರುವುಮುರುವು. ಇಷ್ಟು ತಿಳಿದಿದ್ದರೆ ಭಯ ಬೇಡ. ಮಾಟುಂಗಾ ನಿಲ್ದಾಣವನ್ನು 2017ರಿಂದ ಪೂರ್ತಿ ಮಹಿಳಾ ಸಿಬ್ಬಂದಿಯೇ ನಡೆಸುತ್ತಿರುವುದು ಇನ್ನೊಂದು ವಿಶೇಷ.

1896ರ ಪ್ಲೇಗಿನ ನಂತರ, ಇಕ್ಕಟ್ಟಾದ ಹಳೆಯ ಊರಿನ ಹೊರಗೆ ಗಾಳಿ ಬೆಳಕಿನ ಬಡಾವಣೆಗಳು ಬೇಕೆಂದು ದಾದರ್, ಮಾಟುಂಗಾಗಳ ಯೋಜನೆಯಾಯಿತು. ರೈಲ್ವೆಯಲ್ಲೂ ಕಚೇರಿಗಳಲ್ಲೂ ಗುಮಾಸ್ತಿಕೆಗೆ ಬಂದ ದಕ್ಷಿಣದವರು ಇಲ್ಲಿ ನೆಲೆಸಿದರು. ಒಂಟಿಯಾಗಿ ಬಂದವರ ಕೋಣೆಯಲ್ಲಿ ಒಲೆ ಇರಲಿಲ್ಲ. ಅವರಿಗೆ ಅನ್ನ ಹಾಕಲು ಹುಟ್ಟಿದ್ದೇ ಬೋರ್ಡಿಂಗ್. ಇಲ್ಲಿ ಬೋರ್ಡಿಂಗ್ ಎಂದರೆ ವಸತಿಯಲ್ಲ, ಊಟದ ಮನೆ. ನಿಲ್ದಾಣಕ್ಕೆ ಹತ್ತಿಕೊಂಡ ಮಾರುಕಟ್ಟೆ ಕಟ್ಟಡದ ಮಹಡಿಯಲ್ಲಿರುವ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ 1942ರದು. ಚೀಟಿ ಪಡೆದು ಸರದಿ ಕಾಯಬೇಕು. ಬಾಳೆಲೆಯ ಮೇಲೆ ಅನ್ನ, ಸಾರು, ಹುಳಿ, ಪಲ್ಯ, ಮಜ್ಜಿಗೆ. ಕೆಫೆ ಮದ್ರಾಸ್ 1940ರದು. ಹೆಸರು ಮದ್ರಾಸಿನದಾದರೂ ನಡೆಸುವವರು ನಮ್ಮ ಕರಾವಳಿ ಮೂಲದ ಕಾಮತರು. ಸುತ್ತಲಿನ ಬೀದಿಗಳಲ್ಲಿ ಮಲ್ಲಿಗೆ ಮಾಲೆ, ಬಾಳೆಲೆ, ಕಾಫಿಪುಡಿ ಎಲ್ಲವೂ ಉಂಟು.

ಊಟ ಮುಗಿಸಿ ಭಾವು ದಾಜಿ ರಸ್ತೆಯ ಕಡೆ ಹೋಗಿ. ಅಲ್ಲಿ 1926ರಲ್ಲಿ ಸ್ಥಾಪನೆಯಾದ ಮೈಸೂರು ಅಸೋಸಿಯೇಷನ್ ಇದೆ. ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಕೋಟೆ ಭಾಗದ ಕನ್ನಡ ರಾತ್ರಿಶಾಲೆಗಳಲ್ಲಿ ಓದಿ ಮೇಲೆ ಬಂದ ಹುಡುಗರ ಊರು ಇದು. ಊಟದ ಮನೆ, ರಾತ್ರಿಶಾಲೆ, ಸಂಘ ಮೂರೂ ಸೇರಿ ರಾಜ್ಯದ ಹೊರಗೆ ಕನ್ನಡವನ್ನು ಉಳಿಸಿದವು. ಸರ್ಕಾರದ ಆಸರೆ ಕಡಿಮೆಯಿರುವ ಗಡಿಯ ನಮಗೆ ಇದರಲ್ಲಿ ಕಲಿಯಲು ಬೇಕಾದಷ್ಟಿದೆ. ಇಂಥ ಮನೆಗಳು ಬಾಳುವುದು ಜನ ಹೋಗಿ ಕುಳಿತರೆ ಮಾತ್ರ.

ಕೊನೆಯದಾಗಿ ಒಂದು ಮುಖ್ಯ ಮಾತು. ಪರೇಲಿನ ಟಾಟಾ ಆಸ್ಪತ್ರೆಗೆ ರೋಗಿಗಳ ಜೊತೆ ಹೋಗಿ ವಾರಗಟ್ಟಲೆ ಉಳಿಯುವವರು ನಮ್ಮಲ್ಲಿದ್ದಾರೆ. ಬಿಸ್ಕತ್ತು, ಚಹಾದಲ್ಲೇ ದಿನ ದೂಡುತ್ತಾರೆ. ಪರೇಲ್ ನಿಲ್ದಾಣದಿಂದ ದಾದರ್ ದಾಟಿದರೆ ಮುಂದಿನದೇ ಮಾಟುಂಗಾ. ಒಂದು ಹೊತ್ತು ನಮ್ಮ ಊಟ ಮಾಡಿ, ಕನ್ನಡದಲ್ಲಿ ನಾಲ್ಕು ಮಾತಾಡಿ ಬಂದರೆ ರೋಗಿಯನ್ನು ನೋಡಿಕೊಳ್ಳುವ ಬಲ ಬರುತ್ತದೆ. ಹೊರಟವರಿಗೆ ಈ ದಾರಿಯನ್ನು ದಯವಿಟ್ಟು ತಿಳಿಸಿ. ಹೋಗಿಬಂದವರು ತಾವು ಕಂಡದ್ದನ್ನು ನಾಲ್ಕು ಸಾಲು ಬರೆದು ಸಂಘಕ್ಕೆ ಕಳುಹಿಸಬೇಕೆಂದು ಕೋರುತ್ತೇವೆ.

— ಕಾರ್ಯದರ್ಶಿ