ಸುತ್ತಳತೆಯಿಂದ ಎತ್ತರಕ್ಕೆ: ಒಣಕಾಡಿನ ಮರಗಳ ಲೆಕ್ಕ

ಕೊರಟಗೆರೆ ತಾಲ್ಲೂಕಿನ ಗೊರವನಹಳ್ಳಿಯ ಆಸುಪಾಸಿನ ಬೆಟ್ಟಗಳಲ್ಲಿ, ಸಿದ್ಧರಬೆಟ್ಟದ ಇಳಿಜಾರುಗಳಲ್ಲಿ ಮತ್ತು ಜಯಮಂಗಲಿ ನದಿ ಹುಟ್ಟುವ ದೇವರಾಯನದುರ್ಗದಲ್ಲಿ ಬೆಳೆದಿರುವುದು ಬೇಸಿಗೆಗೆ ಎಲೆ ಉದುರಿಸುವ ಒಣಕಾಡು ಮತ್ತು ಮುಳ್ಳಿನ ಕುರುಚಲು. ಇಂಥ ಕಾಡಿನ ಮರಗಳಲ್ಲಿ ಎಷ್ಟು ಇಂಗಾಲ ಕೂಡಿದೆಯೆಂದು ಅಂದಾಜು ಮಾಡಲು ಕಾಂಡದ ದಪ್ಪ, ಮರದ ಎತ್ತರ ಮತ್ತು ಕಟ್ಟಿಗೆಯ ಸಾಂದ್ರತೆ ಎಂಬ ಮೂರು ಅಳತೆಗಳು ಬೇಕಾಗುತ್ತವೆ. ಭಾರತದ ಅರಣ್ಯ ಪದ್ಧತಿಯಲ್ಲಿ ನೆಲದಿಂದ 1.37 ಮೀಟರ್, ಅಂದರೆ ನಾಲ್ಕೂವರೆ ಅಡಿ ಮೇಲೆ, ಎದೆಯೆತ್ತರದಲ್ಲಿ ಟೇಪು ಸುತ್ತಿ ಸುತ್ತಳತೆ ತೆಗೆದು, ಅದನ್ನು 3.14ರಿಂದ ಭಾಗಿಸಿದರೆ ವ್ಯಾಸ ಸಿಗುತ್ತದೆ. ಎತ್ತರ ಮಾತ್ರ ಅಷ್ಟು ಸುಲಭವಾಗಿ ಕೈಗೆ ಸಿಗುವುದಿಲ್ಲವಾದ್ದರಿಂದ, ಅದನ್ನು ವ್ಯಾಸದಿಂದಲೇ ಊಹಿಸುವ ಸೂತ್ರಗಳು ಬಳಕೆಗೆ ಬಂದವು.

ಊಹಿಸಲು ಸಾಧ್ಯವಾಗುವುದಕ್ಕೆ ಕಾರಣ ಯಂತ್ರಶಾಸ್ತ್ರದಲ್ಲಿದೆ. ನೆಟ್ಟಗೆ ನಿಂತ ಕಂಬವು ತನ್ನದೇ ಭಾರಕ್ಕೆ ಬಾಗದೆ ಎಷ್ಟು ಎತ್ತರ ನಿಲ್ಲಬಲ್ಲದೆಂದು ಗಣಿತಜ್ಞ ಗ್ರೀನ್‌ಹಿಲ್ 1881ರಲ್ಲಿ ತೋರಿಸಿದ ಲೆಕ್ಕದಂತೆ, ಆ ಗರಿಷ್ಠ ಎತ್ತರವು ವ್ಯಾಸದ ಮೂರನೇ ಎರಡರ (2/3) ಘಾತಕ್ಕೆ ಅನುಗುಣವಾಗಿ ಏರುತ್ತದೆ. ಹಾಗಾಗಿ ವ್ಯಾಸ ಎರಡು ಪಟ್ಟಾದಾಗ ಎತ್ತರದ ಮಿತಿ ಸುಮಾರು 1.6 ಪಟ್ಟು ಮಾತ್ರ ಹೆಚ್ಚುತ್ತದೆ. ಮರಗಳು ಸಾಮಾನ್ಯವಾಗಿ ಈ ಮಿತಿಗಿಂತ ಸಾಕಷ್ಟು ಕೆಳಗೇ ನಿಲ್ಲುತ್ತವೆ. ಎಲೆಗಳು ಬೇರಿನಿಂದ ನೀರನ್ನು ಎಳೆಯುವ ದಾರಿ ಉದ್ದವಾದಷ್ಟೂ, ಮಣ್ಣು ಒಣಗಿದಷ್ಟೂ ಕಾಂಡದೊಳಗಿನ ನಾಳಗಳ ನೀರಿನ ಎಳೆಯಲ್ಲಿ ಬಿಗಿತ ಹೆಚ್ಚಿ, ಗಾಳಿಗುಳ್ಳೆ ಹೊಕ್ಕು ಅದು ತುಂಡಾಗುವ ಅಪಾಯವಿದೆ. ಮಳೆ ಕಡಿಮೆಯಿರುವ ಶಿರಾ, ಪಾವಗಡ, ಮಧುಗಿರಿ, ಕೊರಟಗೆರೆಗಳಂಥ ಸೀಮೆಯ ಕಾಡುಮರವು ಅದೇ ದಪ್ಪದ ಮಲೆನಾಡಿನ ಮರಕ್ಕಿಂತ ಗಿಡ್ಡವಾಗಿರುವುದಕ್ಕೆ ಇದು ಮುಖ್ಯ ಕಾರಣ. ಬೆಳಕಿಗಾಗಿ ನೆರೆಮರದೊಡನೆ ಪೈಪೋಟಿ ಕಡಿಮೆಯಿರುವುದು ಇನ್ನೊಂದು.

ಆದ್ದರಿಂದ ಒಂದೆಡೆಯ ಸೂತ್ರವನ್ನು ಇನ್ನೊಂದೆಡೆಗೆ ಹಾಗೆಯೇ ಒಯ್ಯುವುದು ತಪ್ಪು. ಷಾವ್ ಮತ್ತು ಸಂಗಡಿಗರು ಉಷ್ಣವಲಯದ 58 ತಾಣಗಳಲ್ಲಿ ಕಡಿದು ತೂಗಲಾದ 4,004 ಮರಗಳ ಮಾಹಿತಿಯಿಂದ 2014ರಲ್ಲಿ ಪ್ರಕಟಿಸಿದ, ವ್ಯಾಸ, ಎತ್ತರ, ಸಾಂದ್ರತೆಗಳಿಂದ ಮರದ ತೂಕವನ್ನು ಅಂದಾಜಿಸುವ ಸೂತ್ರವನ್ನು ಅನ್ವಯಿಸಿದರೆ, 126 ಸೆಂಟಿಮೀಟರ್ ಸುತ್ತಳತೆಯ, ಅಂದರೆ ಸುಮಾರು 40 ಸೆಂಟಿಮೀಟರ್ ವ್ಯಾಸದ, ಘನ ಸೆಂಟಿಮೀಟರಿಗೆ 0.8 ಗ್ರಾಂ ಸಾಂದ್ರತೆಯ ಮರವು 12 ಮೀಟರ್ ಎತ್ತರವಿದ್ದಾಗ ನೆಲದ ಮೇಲಿನ ಅದರ ಒಣತೂಕ ಸುಮಾರು 820 ಕಿಲೋ ಆಗುತ್ತದೆ. ಎತ್ತರವನ್ನು 24 ಮೀಟರ್ ಎಂದು ಊಹಿಸಿದರೆ ಅದೇ ಮರ 1,610 ಕಿಲೋ ಮುಟ್ಟುತ್ತದೆ. ಇಂಗಾಲವು ಒಣತೂಕದ ಒಂದು ಪಾಲಾದ್ದರಿಂದ, ಎತ್ತರದ ತಪ್ಪು ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿ ಇಂಗಾಲದ ಲೆಕ್ಕಕ್ಕೂ ಇಳಿಯುತ್ತದೆ. ಎತ್ತರ ಗೊತ್ತಿಲ್ಲದಿದ್ದಾಗ ಬಳಸಲೆಂದು ಅದೇ ಅಧ್ಯಯನವು ನೀರಿನ ಕೊರತೆ, ತಾಪಮಾನ ಮತ್ತು ಮಳೆಯ ಋತುಮಾನದ ಏರಿಳಿತಗಳನ್ನು ಸೇರಿಸಿದ ಬೇರೊಂದು ಸೂತ್ರವನ್ನೂ ಕೊಟ್ಟಿದೆ.

ಕೊಡಗಿನ ಉಪ್ಪಂಗಳದಂಥ ನಿತ್ಯಹರಿದ್ವರ್ಣ ಕಾಡಿನಲ್ಲಿ ನೆಲದಿಂದ ಮರದ ತುದಿ ಕಾಣುವುದೇ ಕಷ್ಟ. ಒಣಕಾಡಿನಲ್ಲಾದರೋ ಎಲೆ ಉದುರಿದ ತಿಂಗಳುಗಳಲ್ಲಿ ತುದಿ ಸ್ಪಷ್ಟವಾಗಿ ಕಾಣುವುದರಿಂದ, ಕೋನಮಾಪಕದಿಂದ ತುದಿ ಮತ್ತು ಬುಡದ ಕೋನಗಳನ್ನೂ ಟೇಪಿನಿಂದ ದೂರವನ್ನೂ ಅಳೆದು ಎತ್ತರವನ್ನು ನೇರವಾಗಿ ಪಡೆಯಬಹುದು. ಬಂಡೆಯ ಇಳಿಜಾರಿನಲ್ಲಿ ದೂರವನ್ನು ಸಮತಲಕ್ಕೆ ತಿದ್ದಿಕೊಂಡರಾಯಿತು. ಬೇರೆ ಬೇರೆ ದಪ್ಪದ, ಬೇರೆ ಬೇರೆ ಜಾತಿಯ ಕೆಲವು ಮರಗಳನ್ನು ಹೀಗೆ ಅಳೆದು ಸ್ಥಳೀಯ ಸೂತ್ರ ಕಟ್ಟಿಕೊಳ್ಳುವುದು ಹೊರಗಿನ ಸೂತ್ರವನ್ನು ನಂಬುವುದಕ್ಕಿಂತ ಎಷ್ಟೋ ಮೇಲು. ಆದರೆ ಸೊಪ್ಪಿಗೆ, ಸೌದೆಗೆ ಕೊಂಬೆ ಕಡಿಸಿಕೊಂಡ ಮರದಲ್ಲಿ ಕಾಂಡದ ದಪ್ಪ ಉಳಿದು ಎತ್ತರ ಕಳೆದುಹೋಗಿರುತ್ತದೆ; ಕಡಿದ ಬುಡದಿಂದ ಚಿಗುರಿದ ಮರದಲ್ಲಿ ಹಲವು ಕಾಂಡಗಳು ಎದ್ದಿರುತ್ತವೆ. ಮೊದಲನೆಯದನ್ನು ಸೂತ್ರ ಕಟ್ಟುವ ಮಾದರಿಯಿಂದ ಬೇರೆಯಾಗಿ ದಾಖಲಿಸಬೇಕು, ಎರಡನೆಯದರಲ್ಲಿ ಎದೆಯೆತ್ತರಕ್ಕಿಂತ ಕೆಳಗೆ ಕವಲೊಡೆದ ಒಂದೊಂದು ಕಾಂಡವನ್ನೂ ಪ್ರತ್ಯೇಕವಾಗಿ ಅಳೆಯಬೇಕು.