ಒರೆಸಿದ್ದಕ್ಕೆ ಮುನಿಯಿತೇ ಲ್ಯಾಪ್‌ಟಾಪ್?

ಆಯುಧಪೂಜೆಯ ಮುನ್ನಾದಿನ ನಮ್ಮ ಮನೆಯಲ್ಲಿ ತೊಳೆಯುವ, ಒರೆಸುವ ಕೆಲಸ ಜೋರು. ಸ್ಕೂಟರ್, ಹೊಲಿಗೆ ಯಂತ್ರ, ಈಳಿಗೆಮಣೆ, ಮಿಕ್ಸಿ ಎಲ್ಲವೂ ಶುಚಿಯಾಗಿ ಅರಿಶಿನ-ಕುಂಕುಮಕ್ಕೆ ಕಾದು ಕೂರುತ್ತವೆ. ಕೆಲವು ವರ್ಷಗಳಿಂದ ಈ ಸಾಲಿಗೆ ಮಗಳ ಲ್ಯಾಪ್‌ಟಾಪೂ ಸೇರಿದೆ. ಹೋದ ವರ್ಷ ನನ್ನ ಹೆಂಡತಿ ಅದನ್ನು ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಕೀಲಿಮಣೆಯ ಸಂದಿಗೊಂದಿ ಬಿಡದೆ ಒರೆಸಿಟ್ಟಳು.

ಸಂಜೆ ಮಗಳು ಅದನ್ನು ತೆರೆದರೆ ವೈಫೈ ಮಾಯ! ವಿದ್ಯಾರ್ಥಿವೇತನದ ಅರ್ಜಿ ಸಲ್ಲಿಸಲು ಅಂದೇ ಕೊನೆಯ ದಿನ. "ಅಮ್ಮಾ, ಇದನ್ನ ಮುಟ್ಟು ಅಂತ ನಿನಗೆ ಯಾರು ಹೇಳಿದ್ದು? ಒಳಗೆ ನೀರು ಹೋಗಿ ಸುಟ್ಟೇ ಹೋಗಿದೆ!" ಎಂದು ಕೂಗಾಡಿದಳು. ಅವಳ ತಾಯಿ ಮಾತಾಡಲಿಲ್ಲ. ಒರೆಸುವ ಬಟ್ಟೆ ಕೈಯಲ್ಲಿ ಹಿಡಿದುಕೊಂಡೇ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

ನಿಮ್ಮ ಮನೆಯಲ್ಲೂ ಇಂಥ ಸಂದರ್ಭ ಬರಬಹುದು. ಗಾಬರಿ ಬೇಡ. ಒರೆಸಿದ ಮೇಲೆ ವೈಫೈ ಹೋಯಿತೆಂದರೆ ಯಂತ್ರ ಕೆಟ್ಟಿದೆ ಎಂದೇ ಅರ್ಥವಲ್ಲ. ಹೊರಗಿನಿಂದ ಒಳಕ್ಕೆ, ಸುಲಭದ್ದರಿಂದ ಕಷ್ಟದ್ದಕ್ಕೆ, ಒಂದೊಂದೇ ಹೆಜ್ಜೆ ಹುಡುಕುತ್ತ ಹೋದರೆ ಕಾರಣ ತಾನಾಗಿ ಸಿಗುತ್ತದೆ.

ಮೊದಲು ಅರ್ಜಿ, ಆಮೇಲೆ ರಿಪೇರಿ

ಗಡುವು ಹತ್ತಿರವಿದ್ದರೆ ಮೊದಲು ಅದನ್ನು ನೋಡಿಕೊಳ್ಳಿ. ಆಂಡ್ರಾಯ್ಡ್ ಫೋನನ್ನು ಕೇಬಲ್ ಮೂಲಕ ಲ್ಯಾಪ್‌ಟಾಪಿಗೆ ಜೋಡಿಸಿ, ಫೋನಿನ ಸೆಟ್ಟಿಂಗ್ಸ್‌ನಲ್ಲಿ 'ಯುಎಸ್‌ಬಿ ಟೆದರಿಂಗ್' ಆನ್ ಮಾಡಿ. ಫೋನಿನ ಇಂಟರ್‌ನೆಟ್ ತಂತಿಯ ಮೂಲಕವೇ ಲ್ಯಾಪ್‌ಟಾಪಿಗೆ ಬರುತ್ತದೆ. ಇದಕ್ಕೆ ಲ್ಯಾಪ್‌ಟಾಪಿನ ವೈಫೈ ಬೇಕಿಲ್ಲ. ಆದರೆ ಚಾರ್ಜ್ ಮಾಡಲಷ್ಟೇ ಬರುವ ಕೇಬಲ್ ಇದಕ್ಕಾಗದು, ಡೇಟಾ ಸಾಗಿಸುವ ಕೇಬಲ್ ಬೇಕು. ನಾವೂ ಹಾಗೆಯೇ ಮಾಡಿದೆವು. ಅರ್ಜಿ ಹೋಯಿತು, ಮನೆಯಲ್ಲಿ ಉಸಿರಾಡುವಂತಾಯಿತು.

ಹೊರಗಿನಿಂದ ಒಳಕ್ಕೆ

ಈಗ ಹುಡುಕಾಟ. ಮನೆಯ ವೈಫೈ ಬೇರೆ ಫೋನುಗಳಿಗೆ ಸಿಗುತ್ತಿದೆಯೇ? ಇಲ್ಲವಾದರೆ ದೋಷ ಲ್ಯಾಪ್‌ಟಾಪಿನದಲ್ಲ. ಧೂಳು ಹೊಡೆಯುವಾಗ ರೂಟರಿನ ಪ್ಲಗ್ಗೇ ಸಡಿಲವಾಗಿರಬಹುದು.

ಫೋನಿಗೆ ಸಿಗುತ್ತಿದ್ದರೆ ಲ್ಯಾಪ್‌ಟಾಪಿನ ಕೀಲಿಮಣೆಯ ಮೇಲಿನ ಸಾಲು ನೋಡಿ. ಅನೇಕ ಮಾದರಿಗಳಲ್ಲಿ ಅಲ್ಲೊಂದು ಕೀಲಿಯ ಮೇಲೆ ವಿಮಾನದ ಚಿತ್ರವೋ ಗೋಪುರದ ಚಿತ್ರವೋ ಇರುತ್ತದೆ. ಅದನ್ನು ಒತ್ತಿದರೆ, ಕೆಲವದರಲ್ಲಿ 'ಎಫ್‌ಎನ್' ಕೀಲಿಯ ಜೊತೆ ಒತ್ತಿದರೆ, ಯಂತ್ರದ ನಿಸ್ತಂತು ಸಂಪರ್ಕವೆಲ್ಲ ನಿಲ್ಲುತ್ತದೆ. ಹಳೆಯ ಕೆಲವು ಮಾದರಿಗಳಲ್ಲಿ ಇದೇ ಕೆಲಸಕ್ಕೆ ಅಂಚಿನಲ್ಲಿ ಪುಟ್ಟ ಸ್ವಿಚ್ ಇರುತ್ತದೆ. ಬಟ್ಟೆ ತಾಗಿದರೆ ಅದೂ ಸರಿಯುತ್ತದೆ.

ಅಲ್ಲೂ ಸರಿಹೋಗದಿದ್ದರೆ ಒಮ್ಮೆ 'ರಿಸ್ಟಾರ್ಟ್' ಮಾಡಿ. ವಿಂಡೋಸ್‌ನಲ್ಲಿ 'ಶಟ್‌ಡೌನ್' ಮಾಡಿ ಮತ್ತೆ ಚಾಲೂ ಮಾಡುವುದಕ್ಕೂ 'ರಿಸ್ಟಾರ್ಟ್'ಗೂ ವ್ಯತ್ಯಾಸವುಂಟು. ಬೇಗ ಏಳುವ ಸೌಲಭ್ಯವಿರುವ ಯಂತ್ರ ಶಟ್‌ಡೌನ್ ಆದಾಗ ಹಳೆಯದರಲ್ಲಿ ಸ್ವಲ್ಪವನ್ನು ನೆನಪಿಟ್ಟುಕೊಂಡೇ ಮಲಗುತ್ತದೆ. ರಿಸ್ಟಾರ್ಟ್ ಆದಾಗ ಎಲ್ಲವನ್ನೂ ಹೊಸದಾಗಿ ಶುರುಮಾಡುತ್ತದೆ.

ಆಮೇಲೆ ಸ್ಟಾರ್ಟ್ ಗುಂಡಿಯ ಮೇಲೆ ಮೌಸಿನ ಬಲಗುಂಡಿ ಒತ್ತಿ, 'ಡಿವೈಸ್ ಮ್ಯಾನೇಜರ್' ತೆರೆದು, 'ನೆಟ್‌ವರ್ಕ್ ಅಡಾಪ್ಟರ್ಸ್' ನೋಡಿ. ಇದು ಯಂತ್ರದ ಹಾಜರಿ ಪುಸ್ತಕವಿದ್ದಂತೆ. ವೈಫೈ ಹೆಸರಿನ ಪಕ್ಕ ಕೆಳಮುಖದ ಬಾಣವಿದ್ದರೆ ಅದನ್ನು ನಿಲ್ಲಿಸಲಾಗಿದೆ ಎಂದರ್ಥ; 'ಎನೇಬಲ್' ಮಾಡಿದರೆ ಸಾಕು. ಹಳದಿ ತ್ರಿಕೋನವಿದ್ದರೆ ಸಾಮಾನ್ಯವಾಗಿ ಡ್ರೈವರ್ ತಂತ್ರಾಂಶದ ತೊಂದರೆ. ಫೋನಿನ ಇಂಟರ್‌ನೆಟ್ ಬಳಸಿ, ಲ್ಯಾಪ್‌ಟಾಪ್ ತಯಾರಕರ ತಾಣದಿಂದ ಅದನ್ನು ಮತ್ತೆ ಹಾಕಿಕೊಳ್ಳಬಹುದು. ಹೆಸರೇ ಇಲ್ಲದಿದ್ದರೆ ಒಳಗಿನ ವೈಫೈ ಕಾರ್ಡ್ ಗೈರುಹಾಜರು.

ಮುಚ್ಚಳ ಬಿಚ್ಚಿ ಶುಚಿ ಮಾಡಿದ್ದರೆ

ಡಿಪ್ಲೊಮಾ ಓದುತ್ತಿರುವ ನನ್ನ ಅಣ್ಣನ ಮಗನದು ಬೇರೆ ಕಥೆ. ಫ್ಯಾನಿನ ಧೂಳು ತೆಗೆಯಲು ಅವನು ಲ್ಯಾಪ್‌ಟಾಪಿನ ತಳ ಬಿಚ್ಚಿದ್ದ. ಮತ್ತೆ ಮುಚ್ಚಿದ ಮೇಲೆ ರೂಟರಿನ ಪಕ್ಕ ಕುಳಿತರೆ ಮಾತ್ರ ವೈಫೈ. ಎದ್ದು ಪಕ್ಕದ ಕೋಣೆಗೆ ಹೋದರೆ ಇಲ್ಲ. ಹಾಜರಿ ಪುಸ್ತಕದಲ್ಲಿ ಕಾರ್ಡಿನ ಹೆಸರು ಸರಿಯಾಗಿಯೇ ಇತ್ತು.

ಇದು ಆಂಟೆನಾ ಕಳಚಿದ ಲಕ್ಷಣ. ಬಹುತೇಕ ಲ್ಯಾಪ್‌ಟಾಪ್‌ಗಳಲ್ಲಿ ಆಂಟೆನಾ ಇರುವುದು ಪರದೆಯ ಚೌಕಟ್ಟಿನಲ್ಲಿ. ಅಲ್ಲಿಂದ ದಾರದಷ್ಟು ಸಣ್ಣ ಎರಡು ತಂತಿಗಳು, ಸಾಮಾನ್ಯವಾಗಿ ಒಂದು ಕಪ್ಪು, ಒಂದು ಬಿಳಿ, ಕೀಲಿನ ಮೂಲಕ ಇಳಿದು ಕಾರ್ಡಿಗೆ ಅಂಟಿಕೊಳ್ಳುತ್ತವೆ. ತುದಿಯ ಗುಂಡಿ ಸಾಸಿವೆ ಕಾಳಿಗಿಂತ ತುಸು ದೊಡ್ಡದು. ಬ್ರಷ್ ತಗುಲಿದರೂ ಎದ್ದುಬರಬಹುದು.

ವಿಜ್ಞಾನದ ವಿದ್ಯಾರ್ಥಿಗಳು ಇಲ್ಲೊಂದು ಲೆಕ್ಕ ಮಾಡಬಹುದು. 2.4 ಗಿಗಾಹರ್ಟ್ಸ್ ವೈಫೈ ಅಲೆ ಸೆಕೆಂಡಿಗೆ 240 ಕೋಟಿ ಸಲ ಕಂಪಿಸುತ್ತದೆ. ಅಲೆಯ ವೇಗ ಸೆಕೆಂಡಿಗೆ 30 ಕೋಟಿ ಮೀಟರ್. ಭಾಗಿಸಿದರೆ ಅಲೆಯ ಉದ್ದ 12.5 ಸೆಂಟಿಮೀಟರ್. ಅದರ ಕಾಲುಭಾಗ, ಸುಮಾರು 3 ಸೆಂಟಿಮೀಟರ್ ಉದ್ದದ ಲೋಹದ ತುಂಡು ಈ ಅಲೆಯನ್ನು ಚೆನ್ನಾಗಿ ಹಿಡಿಯಬಲ್ಲದು. ಆ ತುಂಡಿನ ನಂಟು ತಪ್ಪಿದ ಕಾರ್ಡಿಗೆ ತೀರಾ ಹತ್ತಿರದ ಅಲೆ ಮಾತ್ರ ಕೇಳಿಸುತ್ತದೆ, ಕಿವಿ ಮಂದವಾದವರಿಗೆ ಪಕ್ಕದಲ್ಲೇ ನಿಂತು ಮಾತಾಡಬೇಕಾದ ಹಾಗೆ.

ತಂತಿಯನ್ನು ಅದರ ಜಾಗದಲ್ಲಿ ನೇರವಾಗಿ ಇಟ್ಟು ಬೆರಳಿನಿಂದ ಮೃದುವಾಗಿ ಒತ್ತಿದರೆ 'ಟಿಕ್' ಎಂದು ಕೂರುತ್ತದೆ. ಕಾರ್ಡೇ ಗೈರುಹಾಜರಾಗಿದ್ದರೆ ಅದನ್ನು ಹಿಡಿದಿರುವ ಒಂದು ತಿರುಪನ್ನು ಬಿಚ್ಚಿ, ಕಾರ್ಡನ್ನು ಮತ್ತೆ ಸರಿಯಾಗಿ ಕೂರಿಸಬೇಕು. ಕೆಲವು ತೆಳು ಲ್ಯಾಪ್‌ಟಾಪ್‌ಗಳಲ್ಲಿ ಕಾರ್ಡನ್ನು ಮುಖ್ಯ ಫಲಕಕ್ಕೇ ಬೆಸೆದಿರುತ್ತಾರೆ. ಅದನ್ನು ಮುಟ್ಟುವುದು ಬೇಡ.

ಒಳಗೆ ಕೈಹಾಕುವ ಮುನ್ನ ಯಂತ್ರವನ್ನು ಪೂರ್ತಿ ಆರಿಸಿ, ಚಾರ್ಜರ್ ಕಿತ್ತು, ಬ್ಯಾಟರಿಯ ಸಂಪರ್ಕ ತಪ್ಪಿಸುವುದು ಕಡ್ಡಾಯ. ವಾರಂಟಿ ಇನ್ನೂ ಇದ್ದರೆ, ಅಥವಾ ಕೈಗೆ ಅಭ್ಯಾಸವಿಲ್ಲದಿದ್ದರೆ, ಅಂಗಡಿಗೆ ಒಯ್ಯುವುದೇ ಜಾಣತನ. "ತಳ ಬಿಚ್ಚಿದ ಮೇಲೆ ಹೀಗಾಯಿತು" ಎಂದು ನಿಜ ಹೇಳಿ. ವೈದ್ಯರ ಹತ್ತಿರ ಮುಚ್ಚಿಟ್ಟರೆ ರೋಗ ಗೊತ್ತಾಗುವುದು ತಡ. ಕಾರ್ಡು ನಿಜಕ್ಕೂ ಸತ್ತಿದ್ದರೆ ಯುಎಸ್‌ಬಿ ಕಿಂಡಿಗೆ ಸಿಕ್ಕಿಸುವ ಪುಟ್ಟ ವೈಫೈ ಅಡಾಪ್ಟರ್ ಸಿಗುತ್ತದೆ. ಹೊಸ ಲ್ಯಾಪ್‌ಟಾಪ್ ಕೊಳ್ಳಬೇಕಾಗಿಲ್ಲ.

ಒಳಗೆ ನೀರು ಇಳಿದಿರುವ ಗುಮಾನಿ ಇದ್ದರೆ ಮಾತ್ರ ಈ ಪ್ರಯೋಗಗಳಾವುವೂ ಬೇಡ. ಚಾಲೂ ಮಾಡಿ ನೋಡುವ ಆಸೆಯನ್ನೂ ಬಿಡಿ. ತೇವದ ಮೇಲೆ ವಿದ್ಯುತ್ ಹರಿದರೇ ಹೆಚ್ಚು ಹಾನಿ. ಆರಿಸಿ, ಚಾರ್ಜರ್ ಕಿತ್ತು, ತಜ್ಞರಿಗೆ ತೋರಿಸಿ.

ಒರೆಸುವ ಮುನ್ನ

ಒರೆಸುವುದೇನೂ ತಪ್ಪಲ್ಲ, ಧೂಳು ತುಂಬಿದ ಯಂತ್ರ ಬೇಗ ಬಿಸಿಯಾಗುತ್ತದೆ. ಆದರೆ ಮೊದಲು ಪೂರ್ತಿ ಶಟ್‌ಡೌನ್ ಮಾಡಿ, ಚಾರ್ಜರ್ ಕೀಳಿ. ನೀರನ್ನಾಗಲಿ ದ್ರವವನ್ನಾಗಲಿ ಯಂತ್ರದ ಮೇಲೆ ಸಿಂಪಡಿಸದೆ ಬಟ್ಟೆಗೆ ಹಚ್ಚಿ, ಅದು ತೊಟ್ಟಿಕ್ಕದಷ್ಟು ಒಣಗಿರಲಿ. ಪೂಜೆಯ ಕುಂಕುಮವನ್ನು ಮುಚ್ಚಿದ ಮುಚ್ಚಳದ ಮೇಲಿಡಿ, ಕೀಲಿಗಳ ಮೇಲೆ ಬೇಡ.

ಅಂದಹಾಗೆ, ನಮ್ಮ ಮನೆಯ ಲ್ಯಾಪ್‌ಟಾಪಿಗೆ ಆಗಿದ್ದೇನು? ಅರ್ಜಿ ಕಳಿಸಿದ ಮೇಲೆ ಮಗಳೇ ಸಮಾಧಾನದಿಂದ ನೋಡಿದಳು. ಪರದೆಯ ಮೂಲೆಯಲ್ಲಿ ಪುಟ್ಟ ವಿಮಾನದ ಚಿತ್ರ! ಕೀಲಿಯೊಂದನ್ನು ಒತ್ತಿದಳು, ವೈಫೈ ಬಂತು. ಅಮ್ಮ ಒರೆಸುವಾಗ ಆ ಕೀಲಿ ಅದುಮಿತ್ತು, ನಿಜ. ಆದರೆ ಹಿಂದಿನ ರಾತ್ರಿ ಲ್ಯಾಪ್‌ಟಾಪನ್ನು ಆರಿಸದೆ ಸುಮ್ಮನೆ ಮುಚ್ಚಿಟ್ಟಿದ್ದವಳು ಮಗಳೇ. ಆರಿದ್ದ ಯಂತ್ರವಾಗಿದ್ದರೆ ಕೀಲಿ ಎಷ್ಟು ಅದುಮಿದರೂ ಏನೂ ಆಗುತ್ತಿರಲಿಲ್ಲ.

ಅವಳು ಎದ್ದು ಅಡುಗೆಮನೆಗೆ ಹೋದಳು. ಒಳಗೆ ಏನು ಮಾತಾಯಿತೋ ನಾನು ಕೇಳಲಿಲ್ಲ. ಮರುದಿನ ಪೂಜೆಗೆ ಲ್ಯಾಪ್‌ಟಾಪನ್ನು ಆರಿಸಿ ತಂದಿಟ್ಟವಳು ಮಗಳು, ಅದಕ್ಕೆ ಹೂವಿಟ್ಟವಳು ಅವಳ ಅಮ್ಮ.