ಅಂಕಪಟ್ಟಿಯಲ್ಲಿ ಕಾಣದ ಕವರ್

ಜೋ ಥಾಮಸ್ ಎಂಬ ಹೆಸರನ್ನು ನಮ್ಮ ನ್ಯಾಮತಿಯಲ್ಲಿ ಯಾರೂ ಕೇಳಿರಲಿಕ್ಕಿಲ್ಲ. ಮೊಬೈಲ್‌ನಲ್ಲಿ ಟ್ಯಾಕಲ್ ವಿಡಿಯೊ ಹುಡುಕುವಾಗ ಸಿಗುವವರೆಗೆ ನಾನೂ ಕೇಳಿರಲಿಲ್ಲ. ಕಬಡ್ಡಿಯ ಟ್ಯಾಕಲ್ ಹುಡುಕಿದರೆ ಅಮೆರಿಕನ್ ಫುಟ್‌ಬಾಲ್‌ನ ಟ್ಯಾಕಲ್ ಬಂತು. ಅಲ್ಲಿ ಟ್ಯಾಕಲ್ ಅಂದರೆ ಹಿಡಿಯುವುದಷ್ಟೇ ಅಲ್ಲ, ಒಬ್ಬ ಆಟಗಾರ ನಿಲ್ಲುವ ಜಾಗಕ್ಕೂ ಅದೇ ಹೆಸರು.

ಅದು ನಾವು ಕಾಲಲ್ಲಿ ಒದೆಯುವ ಫುಟ್‌ಬಾಲ್ ಅಲ್ಲ. ಮೊಟ್ಟೆಯಾಕಾರದ ಚೆಂಡು, ಒಂದು ತಂಡಕ್ಕೆ 11 ಜನ. ಚೆಂಡು ಎಸೆಯುವವನನ್ನು ಕ್ವಾರ್ಟರ್‌ಬ್ಯಾಕ್ ಅನ್ನುತ್ತಾರೆ, ಸಿನಿಮಾದ ಹೀರೊ ಇದ್ದಂತೆ. ಅವನ ಮುಂದೆ ಐದು ಜನ ದೈತ್ಯರು ಸಾಲಾಗಿ ನಿಲ್ಲುತ್ತಾರೆ. ಇವರೇ ಅಫೆನ್ಸಿವ್ ಲೈನ್‌ಮನ್‌ಗಳು. ಸಾಮಾನ್ಯವಾಗಿ ಇವರು ಚೆಂಡು ಹಿಡಿಯುವಂತಿಲ್ಲ, ಎಸೆಯುವಂತಿಲ್ಲ. ಎದುರಿನಿಂದ ನುಗ್ಗಿ ಬರುವವರನ್ನು ಎರಡು–ಮೂರು ಸೆಕೆಂಡ್ ತಡೆದು ನಿಲ್ಲಿಸಬೇಕು, ಅಷ್ಟೇ. ತಡೆದರೆ ಯಾರೂ ನೋಡುವುದಿಲ್ಲ. ಅಂಗಿ ಹಿಡಿದು ಎಳೆದರೆ ಮಾತ್ರ ರೆಫರಿ ಅವನ ನಂಬರನ್ನು ಮೈಕ್‌ನಲ್ಲಿ ಕೂಗುತ್ತಾನೆ.

ಥಾಮಸ್ 2007ರಲ್ಲಿ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡ ಸೇರಿದ. ಆಟಗಾರರನ್ನು ಆರಿಸುವ ದಿನ ಉಳಿದವರೆಲ್ಲ ಸೂಟು ಹಾಕಿಕೊಂಡು ಕ್ಯಾಮೆರಾ ಮುಂದೆ ಕೂತಿದ್ದರೆ ಈತ ಅಪ್ಪನ ಜೊತೆ ಮಿಚಿಗನ್ ಸರೋವರದಲ್ಲಿ ಮೀನು ಹಿಡಿಯುತ್ತಿದ್ದನಂತೆ. ಆಮೇಲೆ 2017ರ ಅಕ್ಟೋಬರ್‌ನಲ್ಲಿ ತೋಳಿನ ಸ್ನಾಯು ಹರಿಯುವವರೆಗೆ ಸತತ 10,363 ಸಲ, ಒಂದನ್ನೂ ತಪ್ಪಿಸದೆ ಸಾಲಿನಲ್ಲಿ ನಿಂತ. ಅಷ್ಟರಲ್ಲಿ ಅವನ ಹಿಂದೆ 20 ಕ್ವಾರ್ಟರ್‌ಬ್ಯಾಕ್‌ಗಳು ಬದಲಾದರು. ಅವನ ತಂಡ ಒಮ್ಮೆಯೂ ಪ್ಲೇಆಫ್ ಮುಟ್ಟಲಿಲ್ಲ. ಆದರೂ 2023ರಲ್ಲಿ ಅವನನ್ನು ಹಾಲ್ ಆಫ್ ಫೇಮ್‌ಗೆ ಸೇರಿಸಿದರು. ಗೆಲುವನ್ನು ನೋಡದೆ ಕೆಲಸವನ್ನು ನೋಡಿ ಲೆಕ್ಕ ಹಾಕುವವರು ಎಲ್ಲೋ ಇದ್ದಾರೆ ಎಂದು ಗೊತ್ತಾಗಿ ನನಗೆ ಸಮಾಧಾನವಾಯಿತು. ಯಾಕೆಂದರೆ ನಾನು ಕಬಡ್ಡಿಯಲ್ಲಿ ಕವರ್ ಆಡುವವನು.

ಕಬಡ್ಡಿ ನೋಡುವವರಿಗೂ ಕವರ್ ಎಂದರೆ ಏನೆಂದು ಬಿಡಿಸಿ ಹೇಳಬೇಕಾಗುತ್ತದೆ. ಏಳು ಜನ ಬಿಲ್ಲಿನಂತೆ ಬಾಗಿ ನಿಲ್ಲುತ್ತಾರೆ. ಎರಡು ತುದಿಯಲ್ಲಿ ಇರುವವರು ಕಾರ್ನರ್. ರೈಡರ್‌ನ ಪಾದ, ತೊಡೆ ಹಿಡಿಯುವುದು ಅವರ ಕೆಲಸ. ಒಳಗಡೆ ಎಡಕ್ಕೊಬ್ಬ, ಬಲಕ್ಕೊಬ್ಬ ಕವರ್. ಪುರುಷರ ಅಂಕಣ 13 ಮೀಟರ್ ಉದ್ದ, ಅಂದರೆ ನಮ್ಮ ಪಾಲಿಗೆ ಆರೂವರೆ ಮೀಟರ್. ಕಾರ್ನರ್ ಪಾದ ಹಿಡಿದರೂ ಬಲವಾದ ರೈಡರ್ ಅವನನ್ನು ಎಳೆದುಕೊಂಡೇ ನಡುಗೆರೆಯ ಕಡೆ ಜಿಗಿಯುತ್ತಾನೆ. ಆ ಅರ್ಧ ಸೆಕೆಂಡಿನಲ್ಲಿ ಕವರ್ ಅವನ ದಾರಿಗೆ ಅಡ್ಡ ಬಂದು ಎದೆ ಕೊಡಬೇಕು. ಇಲ್ಲವೆ ಭುಜದಿಂದ ಡ್ಯಾಷ್ ಕೊಟ್ಟು ಅಂಕಣದ ಆಚೆ ತಳ್ಳಬೇಕು. ಮೊದಲೇ ನುಗ್ಗಿದರೆ ರೈಡರ್ ಮುಟ್ಟಿ ಹೋಗುತ್ತಾನೆ, ತಡವಾದರೆ ಅವನ ಬೆರಳು ಗೆರೆ ಮುಟ್ಟಿರುತ್ತದೆ. 30 ಸೆಕೆಂಡಿನ ರೈಡ್‌ನಲ್ಲಿ 28 ಸೆಕೆಂಡ್ ಸುಮ್ಮನೆ ನಿಂತು, ಅವನ ಕಣ್ಣು ನೋಡದೆ ಸೊಂಟ ನೋಡುತ್ತಿರಬೇಕು. ಕಣ್ಣು ಮೋಸ ಮಾಡುತ್ತದೆ, ಸೊಂಟ ಮಾಡುವುದಿಲ್ಲ.

ಇಷ್ಟೆಲ್ಲ ಆಗಿ ರೈಡರ್ ಔಟ್ ಆದರೆ ತಂಡಕ್ಕೆ ಒಂದು ಅಂಕ. ಅಂಕಪಟ್ಟಿಯಲ್ಲಿ ಆ ಟ್ಯಾಕಲ್ ಒಬ್ಬನ ಹೆಸರಿಗೆ ಹೋಗುತ್ತದೆ, ಸಾಮಾನ್ಯವಾಗಿ ಮೊದಲು ಹಿಡಿದವನಿಗೆ. ದಾರಿ ಮುಚ್ಚಿದವನಿಗೆ ಸೊನ್ನೆ. ನಮ್ಮ ಕಡೆಯ ಹೊನಲು ಬೆಳಕಿನ ಪಂದ್ಯಾವಳಿಗಳಲ್ಲಿ ಬೆಸ್ಟ್ ರೈಡರ್, ಬೆಸ್ಟ್ ಕ್ಯಾಚರ್, ಬೆಸ್ಟ್ ಆಲ್‌ರೌಂಡರ್ ಎಂದು ಕಪ್ ಕೊಡುತ್ತಾರೆ. ಸವಳಂಗ, ಹೊನ್ನಾಳಿ, ಶಿಕಾರಿಪುರ ಎಲ್ಲಾ ಸುತ್ತಿದ್ದೇನೆ, ಬೆಸ್ಟ್ ಕವರ್ ಎಂಬ ಕಪ್ ಎಲ್ಲೂ ಕಂಡಿಲ್ಲ. ಬೆಳಗಿನ ಜಾವ ಮನೆಗೆ ಬಂದರೆ ಅವ್ವ ಕೇಳೋದು ಒಂದೇ: 'ಎಷ್ಟು ಪಾಯಿಂಟ್ ತಗಂಡ್ಯೋ?' 'ಒಂದೂ ಇಲ್ಲವ್ವ, ಗೆದ್ವಿ' ಅಂದರೆ, 'ಮತ್ತೆ ಭುಜಕ್ಕೆ ಯಾಕ್ ಬಟ್ಟೆ ಕಟ್ಕಂಡಿ?' ಅಂತಾಳೆ.

ದುಡ್ಡಿನ ಮಾತಿಗೆ ಬಂದರೆ, 2014ರಲ್ಲಿ ಪ್ರೊ ಕಬಡ್ಡಿ ಶುರುವಾದಾಗಿನಿಂದ ಹರಾಜಿನ ಸುದ್ದಿಯೆಲ್ಲ ಹೆಚ್ಚಾಗಿ ರೈಡರ್‌ಗಳದ್ದೇ. 2023ರಲ್ಲಿ ಪವನ್ ಸೆಹ್ರಾವತ್ ₹2.60 ಕೋಟಿಗೆ ಹೋದದ್ದು ನಮ್ಮ ಹುಡುಗರಿಗೆಲ್ಲ ಬಾಯಿಪಾಠ. ಆದರೆ 2018ರ ಹರಾಜಿನಲ್ಲಿ ಮೊದಲು ಒಂದು ಕೋಟಿ ಮುಟ್ಟಿದವನು ರೈಡರ್ ಅಲ್ಲ, ಇರಾನಿನ ಫಜಲ್ ಅತ್ರಾಚಲಿ ಎಂಬ ಡಿಫೆಂಡರ್. ಅವನೂ ಕಾರ್ನರೇ, ಕವರ್ ಅಲ್ಲ ಬಿಡಿ!

ಅಮೆರಿಕದಲ್ಲಿ ಈ ಲೆಕ್ಕ ಬೇರೆಯೇ ಇದೆ. ಜೋರ್ಡನ್ ಮೈಲಾಟಾ ಆಸ್ಟ್ರೇಲಿಯಾದಲ್ಲಿ ರಗ್ಬಿ ಆಡುತ್ತಿದ್ದ ಹುಡುಗ. ಅಮೆರಿಕನ್ ಫುಟ್‌ಬಾಲ್‌ನ ಒಂದು ಪಂದ್ಯವನ್ನೂ ಆಡದ ಅವನನ್ನು 2018ರಲ್ಲಿ ಫಿಲಡೆಲ್ಫಿಯಾ ತಂಡ ಕೊನೆಯ ಸುತ್ತಿನಲ್ಲಿ, 233ನೆಯವನಾಗಿ ಆರಿಸಿತು. ಎರಡು ವರ್ಷ ಒಂದು ಪಂದ್ಯಕ್ಕೂ ಇಳಿಸದೆ ಕಾಲು ಹೇಗಿಡಬೇಕು, ಕೈ ಎಲ್ಲಿಡಬೇಕು ಎಂದು ಕಲಿಸಿದರು. ಈಗ ಅವನು ಕೋಟಿಗಟ್ಟಲೆ ಡಾಲರ್ ಒಪ್ಪಂದದ ಲೈನ್‌ಮನ್. 2025ರ ಫೆಬ್ರುವರಿಯಲ್ಲಿ ಸೂಪರ್ ಬೌಲ್ ಗೆದ್ದ ತಂಡದಲ್ಲೂ ಇದ್ದ. ಎರಡು ವರ್ಷ ಕೂರಿಸಿ ಸಂಬಳ ಕೊಟ್ಟು ಕಲಿಸುವ ಭಾಗ್ಯ ನಮಗೆಲ್ಲಿ? ನಾನು ಬಿ.ಕಾಂ ಮುಗಿಸಿ ಹಗಲು ಅಡಿಕೆ ವ್ಯಾಪಾರಿಯೊಬ್ಬರ ಹತ್ತಿರ ಲೆಕ್ಕ ಬರೆಯುತ್ತೇನೆ, ಸಂಜೆ ಮೈದಾನಕ್ಕೆ ಹೋಗುತ್ತೇನೆ. ಅವರಿಗೆ 140–150 ಕಿಲೋ ದೇಹ ಕಟ್ಟುವುದು ಕಷ್ಟ. ನಮಗೆ ಸೀನಿಯರ್ ವಿಭಾಗದ 85 ಕಿಲೋ ಮಿತಿಯೊಳಗೆ ಬಲ ತುಂಬಿಕೊಳ್ಳುವುದು ಕಷ್ಟ.

ನಮ್ಮಂಥವರಿಗೆ ನಿಜವಾದ ಹರಾಜು ನೌಕರಿಯದು. ಕಾರ್ಕಳದ ಹೆರ್ಮುಂಡೆಯ ಮಮತಾ ಪೂಜಾರಿ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದು, 2014ರಲ್ಲಿ ಅರ್ಜುನ ಪ್ರಶಸ್ತಿ ಪಡೆದವರು. ಅವರಿಗೂ ಅನ್ನ ಕೊಟ್ಟದ್ದು ರೈಲ್ವೆ ಕೆಲಸ. ರೈಲ್ವೆಯ ಕ್ರೀಡಾ ಕೋಟಾ ಅರ್ಜಿ ಹಾಕುವ ಗೆಳೆಯರಿಗೆ ಒಂದು ಮಾತು: 100 ಅಂಕದಲ್ಲಿ 50 ನೀವು ತಂದ ಪ್ರಮಾಣಪತ್ರಕ್ಕೆ, 10 ಓದಿಗೆ, ಉಳಿದ 40 ಟ್ರಯಲ್ಸ್‌ಗೆ. ಆ 40ರಲ್ಲಿ 25 ಬರದಿದ್ದರೆ ಮಿಕ್ಕಿದ್ದನ್ನು ನೋಡುವುದೇ ಇಲ್ಲ. ಊರ ಪಂದ್ಯಾವಳಿಯ ಆಳೆತ್ತರದ ಟ್ರೋಫಿಗೆ ಅಲ್ಲಿ ಬೆಲೆಯಿಲ್ಲ, ಮಾನ್ಯತೆ ಪಡೆದ ರಾಷ್ಟ್ರೀಯ, ಅಂತರ ವಿಶ್ವವಿದ್ಯಾಲಯದಂಥ ಟೂರ್ನಿಗಳೇ ಲೆಕ್ಕ. ವಯಸ್ಸು 18ರಿಂದ 25, ಯಾರಿಗೂ ಸಡಿಲಿಕೆ ಇಲ್ಲ.

ಇದರಲ್ಲಿ ಕವರ್‌ಗೆ ಒಂದು ಅನುಕೂಲವೂ ಇದೆ. ಪ್ರಮಾಣಪತ್ರದಲ್ಲಿ ಎಷ್ಟು ಪಾಯಿಂಟ್ ತಂದೆ ಎಂದು ಬರೆಯುವುದಿಲ್ಲ, ತಂಡ ಎಷ್ಟನೇ ಸ್ಥಾನ ಬಂತು ಎಂದಷ್ಟೇ ಬರೆಯುತ್ತಾರೆ. ರೈಡರ್‌ಗೂ ನನಗೂ ಅಲ್ಲಿ ಒಂದೇ ಕಾಗದ. ತೊಂದರೆ ಇರುವುದು ಟ್ರಯಲ್ಸ್‌ನಲ್ಲಿ. ಹಿಂದೊಮ್ಮೆ ಒಂದು ಕಡೆ ಆಯ್ಕೆಗೆ ಹೋದಾಗ, ಗುರುತಿಲ್ಲದ ಏಳು ಜನರನ್ನು ಸೇರಿಸಿ ಹತ್ತು ನಿಮಿಷ ಆಡಿಸಿದರು. ಪಕ್ಕದ ಕಾರ್ನರ್ ಯಾವಾಗ ಕೈ ಹಾಕುತ್ತಾನೆ ಎಂದು ತಿಳಿಯದೆ ಕವರ್ ಏನು ತೋರಿಸಲು ಸಾಧ್ಯ? ರೈಡರ್ ಒಬ್ಬನೇ ಬೇಕಾದರೂ ಮಿಂಚಬಹುದು. ಆಯ್ಕೆಗಾರರು ಬರೆದುಕೊಂಡಿದ್ದು ಪಾಯಿಂಟ್ ಮಾತ್ರ. ನನ್ನ ಹೆಸರು ಬರಲಿಲ್ಲ.

ಎಲ್ಲರೂ ಹಾಗೆ ನೋಡುವುದಿಲ್ಲ. ನಮ್ಮ ಕರ್ನಾಟಕದ ಬಿ.ಸಿ. ರಮೇಶ್ 2002ರ ಬುಸಾನ್ ಏಷ್ಯನ್ ಗೇಮ್ಸ್ ಚಿನ್ನ ಗೆದ್ದ ತಂಡದಲ್ಲಿದ್ದವರು. ತರಬೇತುದಾರರಾಗಿ 2019ರಲ್ಲಿ ಬೆಂಗಾಲ್ ವಾರಿಯರ್ಸ್‌ಗೆ, 2024ರಲ್ಲಿ ಪುಣೇರಿ ಪಲ್ಟನ್‌ಗೆ ಪ್ರೊ ಕಬಡ್ಡಿ ಪ್ರಶಸ್ತಿ ತಂದುಕೊಟ್ಟರು. ಪುಣೆ ಫೈನಲ್ ಗೆದ್ದದ್ದು 28–25ರಿಂದ. ಇಷ್ಟು ಕಡಿಮೆ ಅಂಕದ ಫೈನಲ್ ಎಂದರೆ ಡಿಫೆಂಡರ್‌ಗಳು ಬಿಗಿಯಾಗಿ ನಿಂತಿದ್ದರು ಎಂದರ್ಥ. ಬೆಂಗಾಲ್ ಗೆದ್ದಾಗ ತಂಡದಲ್ಲಿ ತಮಿಳುನಾಡಿನ ಜೀವ ಕುಮಾರ್ ಇದ್ದರು, ಹೆಸರಾಂತ ಕವರ್. ಅವರ ಹಳೆಯ ಪಂದ್ಯಗಳನ್ನು ನಾನು ಶಬ್ದ ನಿಲ್ಲಿಸಿ ನೋಡುತ್ತೇನೆ. ಕಾಮೆಂಟರಿ ಕೇಳಿದರೆ ಕಣ್ಣು ರೈಡರ್ ಹಿಂದೆಯೇ ಹೋಗುತ್ತದೆ.

ಮುಂದಿನ ಟ್ರಯಲ್ಸ್‌ಗೆ ನಮ್ಮ ತಂಡದ ಕಾರ್ನರ್ ಹುಡುಗನೂ ನನ್ನ ಜೊತೆ ಅರ್ಜಿ ಹಾಕಿದ್ದಾನೆ. ಇಬ್ಬರನ್ನೂ ಒಂದೇ ಬದಿಗೆ ನಿಲ್ಲಿಸಿ ಎಂದು ಕೇಳಿಕೊಳ್ಳೋಣ ಎಂದುಕೊಂಡಿದ್ದೇವೆ. ಒಪ್ಪುತ್ತಾರೋ ಬಿಡುತ್ತಾರೋ. ಅವನಿಗೆ 22, ಇನ್ನೂ ಮೂರು ವರ್ಷ ಇದೆ. ನನಗೆ ಬರುವ ಡಿಸೆಂಬರ್‌ಗೆ 25 ತುಂಬುತ್ತದೆ.